ಪರನಾಡಿನ ಪಂಕ್ತಿಯಲ್ಲಿ ನಮ್ಮ ಮಕ್ಕಳು

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬುದು ಹಿರಿಯರು ನಮಗೆ ಬಿಟ್ಟುಹೋದ ಮಾತು. ಕೋಶ ಓದಿದ ಮಕ್ಕಳು ಇಂದು ಸಮಾಜದ ಮನೆಮನೆಯಲ್ಲಿಯೂ ಇದ್ದಾರೆ. ದೇಶ ಸುತ್ತುವ ಮಕ್ಕಳ ಸಂಖ್ಯೆಯೂ ಕಡಿಮೆಯೇನಲ್ಲ. ಆದರೆ ಸುತ್ತುವುದು ಒಂದು, ನೆಲಸುವುದು ಇನ್ನೊಂದು. ನೆಲಸಿದ ಊರಿನಲ್ಲಿ ಅಲ್ಲಿಯವರ ಸೇವೆಗೆ ನಿಲ್ಲುವುದು ಮತ್ತೊಂದು. ಸುತ್ತುವವನು ಕಂಡು ಮರಳುತ್ತಾನೆ. ನೆಲಸುವವನು ಅಲ್ಲಿಯ ಅನ್ನವನ್ನುಂಡು, ಅಲ್ಲಿಯ ನುಡಿಯನ್ನಾಡಿ, ಅಲ್ಲಿಯ ಮಳೆಚಳಿಗಳಿಗೆ ಮೈಯೊಡ್ಡಿ ಬಾಳುತ್ತಾನೆ. ಸೇವೆಗೆಂದು ಹೋದವನಿಗಾದರೋ ಇವೆಲ್ಲವುಗಳ ಮೇಲೆ ಮತ್ತೊಂದು ಹೊಣೆ ಬೀಳುತ್ತದೆ: ತಾನು ಮಾಡುವ ಉಪಕಾರವು ಪಡೆಯುವವರಿಗೆ ಭಾರವಾಗದಂತೆ ನೋಡಿಕೊಳ್ಳುವ ಹೊಣೆ.

ಕಾಲೇಜಿನಲ್ಲಿ ಓದುವ ತರುಣ ತರುಣಿಯರು ಕೆಲವು ವಾರಗಳೋ ಒಂದು ವರ್ಷವೋ ಅನ್ಯದೇಶಕ್ಕೆ ಹೋಗಿ, ಅಲ್ಲಿಯ ಶಾಲೆ, ವೃದ್ಧಾಶ್ರಮ, ಕಾಡು, ಕಡಲತೀರಗಳಲ್ಲಿ ಸ್ವಯಂಸೇವಕರಾಗಿ ದುಡಿದು ಬರುವ ಪದ್ಧತಿ ಈಚಿನ ದಶಕಗಳಲ್ಲಿ ಬೆಳೆದುಬಂದಿದೆ. ಅಲ್ಲಿಯವರು ಇಲ್ಲಿಗೆ ಬರುತ್ತಾರೆ. ಇಲ್ಲಿಯವರು ಅಲ್ಲಿಗೆ ಹೋಗುತ್ತಾರೆ. ಈ ಕುರಿತು ಸದ್ಭಕ್ತ ಕುಟುಂಬಗಳ ತಂದೆತಾಯಿಗಳು ನಮ್ಮನ್ನು ಮುಖ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಹೋದ ಮಗು ನಮ್ಮ ಆಚಾರ ವಿಚಾರಗಳನ್ನು ಉಳಿಸಿಕೊಂಡು ಮರಳೀತೇ? ಮನೆಯಲ್ಲಿ ಇಷ್ಟು ಕೆಲಸವಿರುವಾಗ, ನಾಡಿನಲ್ಲಿ ಇಷ್ಟು ಬಡತನವಿರುವಾಗ, ಪರದೇಶದಲ್ಲಿ ಸೇವೆ ಏಕೆ? ಎರಡೂ ನ್ಯಾಯವಾದ ಪ್ರಶ್ನೆಗಳು. ಇವುಗಳಿಗೆ ಉತ್ತರವನ್ನು ನಾವು ಕರಾವಳಿಯ ಒಂದು ಊರಿನಿಂದ ಆರಂಭಿಸಿ ಹುಡುಕಬಯಸುತ್ತೇವೆ.

ಘಟ್ಟ ಇಳಿದರೆ ಪರನಾಡು

ಕುಕ್ಕುಂದೂರು ಉಡುಪಿ ಜಿಲ್ಲೆಯ ಕಾರ್ಕಳ ತಾಲ್ಲೂಕಿನ ಗ್ರಾಮ. ಕಾರ್ಕಳ ಪಟ್ಟಣಕ್ಕೆ ಹೊಂದಿಕೊಂಡಂತೆಯೇ ಇದೆ. ಮುರಕಲ್ಲಿನ ಕೆಂಪು ನೆಲ, ತೆಂಗು ಕಂಗುಗಳ ತೋಟ, ಜೋಡುರಸ್ತೆಯ ಅಂಗಡಿಸಾಲು, ಗಣಿತನಗರವೆಂಬ ಹೆಸರಿನಲ್ಲಿ ಎದ್ದುನಿಂತಿರುವ ವಿದ್ಯಾಸಂಸ್ಥೆ — ಇದು ಆ ಊರಿನ ಇಂದಿನ ಚಿತ್ರ. ಪಕ್ಕದ ಕಾರ್ಕಳದ ಬಂಡೆಯ ನೆತ್ತಿಯಲ್ಲಿ 1432ರಲ್ಲಿ ವೀರಪಾಂಡ್ಯ ಭೈರರಸನು ನಿಲ್ಲಿಸಿದ 42 ಅಡಿ ಎತ್ತರದ ಗೊಮ್ಮಟೇಶ್ವರನಿದ್ದಾನೆ. ಅತ್ತೂರಿನಲ್ಲಿ ಸಂತ ಲಾರೆನ್ಸರ ಹೆಸರಿನ ಇಗರ್ಜಿ ಇದೆ. ಸುತ್ತಮುತ್ತ ದೈವಸ್ಥಾನಗಳು, ಮಸೀದಿಗಳು, ಬಸದಿಗಳು ಇವೆ. ಒಂದೇ ದಿನದ ಕಾಲ್ನಡಿಗೆಯಲ್ಲಿ ಇಷ್ಟು ಬಗೆಯ ಶ್ರದ್ಧೆಗಳನ್ನು ಕಾಣಿಸುವ ಪ್ರದೇಶ ವಿರಳ.

ಕರಾವಳಿಯ ಪದವಿಪೂರ್ವ ಕಾಲೇಜುಗಳಿಗೆ ವಿಜಯಪುರ, ಬಾಗಲಕೋಟೆ, ಕಲಬುರಗಿ, ಬಳ್ಳಾರಿ ಸೀಮೆಗಳಿಂದ ನಮ್ಮ ಸಮಾಜದ ಮಕ್ಕಳು ಬಂದು ವಸತಿ ನಿಲಯಗಳಲ್ಲಿದ್ದು ಓದುವುದು ಈಗ ಸಾಮಾನ್ಯ. ಹದಿನಾರು ವರ್ಷದ ಆ ಮಗುವಿಗೆ ಪರನಾಡು ಎಂಬುದು ವಿಮಾನ ಏರಿದ ಮೇಲಲ್ಲ, ಘಟ್ಟ ಇಳಿದೊಡನೆಯೇ ಆರಂಭವಾಗುತ್ತದೆ. ತಟ್ಟೆಯಲ್ಲಿ ಜೋಳದ ರೊಟ್ಟಿಯ ಬದಲು ಕುಚ್ಚಲಕ್ಕಿಯ ಅನ್ನ. ಶೇಂಗಾ ಎಣ್ಣೆಯ ಒಗ್ಗರಣೆಯ ಬದಲು ತೆಂಗಿನೆಣ್ಣೆಯ ಪರಿಮಳ. ಜೂನ್ ತಿಂಗಳಲ್ಲಿ ಒಂದು ಮಳೆಗಾಗಿ ಮುಗಿಲು ನೋಡುವ ಸೀಮೆಯಿಂದ ಬಂದ ಹುಡುಗ ಇಲ್ಲಿ ವಾರಗಟ್ಟಲೆ ಬಿಸಿಲನ್ನೇ ಕಾಣನು. ಬೀದಿಯಲ್ಲಿ ಕೇಳುವ ತುಳು ಅವನಿಗೆ ತಿಳಿಯದು. ಅವನಾಡುವ ಕನ್ನಡ ಇಲ್ಲಿಯ ಸಹಪಾಠಿಗಳಿಗೆ ಜಗಳದಂತೆ ಕೇಳಿಸುತ್ತದೆ.

ಆದರೂ ಒಂದು ಮಾತು ಅವನಿಗೆ ಬೇಗನೆ ಅರ್ಥವಾಗುತ್ತದೆ. ಅವನ ಊರಿನಲ್ಲಿ ದಾರಿಯಲ್ಲಿ ಎದುರಾದವರು ‘ಊಟ ಆತೇನ್ರಿ?’ ಎಂದು ಕೇಳುತ್ತಾರೆ. ತುಳುವರು ‘ಒಣಸ್ ಆಂಡಾ?’ ಎಂದು ಕೇಳುತ್ತಾರೆ. ನುಡಿ ಬೇರೆ, ಹೃದಯ ಒಂದೇ. ಮಲೇಷಿಯಾ ದೇಶದವರೂ ಪರಸ್ಪರ ಕುಶಲ ಕೇಳುವಾಗ ‘ಸುದಾ ಮಕಾನ್?’ — ಅಂದರೆ ಊಟವಾಯಿತೇ — ಎನ್ನುವುದು ವಾಡಿಕೆ. ಅನ್ಯ ಸಂಸ್ಕೃತಿಯ ಬಾಗಿಲು ಮೊದಲು ತೆರೆಯುವುದು ಅಡುಗೆಮನೆಯ ಕಡೆಯಿಂದಲೇ. ಆ ಬಾಗಿಲಲ್ಲಿ ತಲೆಬಾಗಿ ಒಳಹೋಗಲು ಕಲಿತವನು ಮುಂದೆ ಯಾವ ದೇಶದಲ್ಲಿಯೂ ಬಾಳಬಲ್ಲನು.

ಕೊಡಲು ಬಂದು ಪಡೆದವರು

ಈ ಕರಾವಳಿಯು ಹೊರಗಿನವರನ್ನು ಕಂಡದ್ದು ಇಂದು ನಿನ್ನೆಯಲ್ಲ. 1614ರಲ್ಲಿ ವೆನಿಸ್ ನಗರದಿಂದ ಹೊರಟ ಪಿಯೆತ್ರೊ ಡೆಲ್ಲಾ ವಾಲೆ ಎಂಬ ಇಟಲಿಯ ಪ್ರವಾಸಿ ತುರ್ಕಿ, ಪರ್ಷಿಯಾಗಳನ್ನು ದಾಟಿ, 1623ರಲ್ಲಿ ಗೋವೆಯ ಪೋರ್ಚುಗೀಸ್ ರಾಯಭಾರಿಯೊಡನೆ ಇಕ್ಕೇರಿಗೆ ಬಂದನು. ಆಗ ಅಲ್ಲಿ ವೀರಶೈವ ಅರಸರಾದ ಕೆಳದಿಯ ವೆಂಕಟಪ್ಪ ನಾಯಕರ ಆಳ್ವಿಕೆ. ಘಟ್ಟದ ದಾರಿಯಲ್ಲಿ ದೇವಾಲಯವೊಂದರ ಜಗಲಿಯ ಮೇಲೆ ನಾಲ್ವರು ಬಾಲಕರು ನೆಲದ ಮೇಲೆ ನುಣುಪಾದ ಮರಳು ಹರಡಿ, ಬೆರಳಿನಿಂದ ಅಂಕಿ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುತ್ತಿದ್ದುದನ್ನು ಆತ ಕಂಡನು. ನಕ್ಕು ಮುಂದೆ ಸಾಗಲಿಲ್ಲ, ನಿಂತು ವಿಚಾರಿಸಿದನು. ಕಾಗದವಿಲ್ಲದೆ, ಕಾಸಿಲ್ಲದೆ, ಗುರುವು ಎದುರಿಗಿಲ್ಲದಾಗಲೂ ಒಬ್ಬರಿಗೊಬ್ಬರು ಹೇಳಿಕೊಟ್ಟು ಕಲಿಯುವ ಆ ಕ್ರಮವನ್ನು ಮೆಚ್ಚಿ ತನ್ನ ಪತ್ರದಲ್ಲಿ ಬರೆದನು. ನಾಲ್ಕು ಶತಮಾನಗಳ ಹಿಂದಿನ ನಮ್ಮ ಮಕ್ಕಳ ಪಾಠದ ಚಿತ್ರ ಇಂದು ನಮಗೆ ದೊರೆಯುವುದು, ನಿಂತು ಕೇಳುವ ಸೌಜನ್ಯವಿದ್ದ ಆ ಪರದೇಶಿಯಿಂದ.

ಇನ್ನೊಬ್ಬರ ವಿಷಯ ಇದಕ್ಕಿಂತ ವಿಚಾರಾರ್ಹವಾದುದು. ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಓದಿದ ಹೆರ್ಮನ್ ಮೋಗ್ಲಿಂಗ್ 1836ರಲ್ಲಿ ಬಾಸೆಲ್ ಮಿಷನ್ನಿನ ಪರವಾಗಿ ಮಂಗಳೂರಿಗೆ ಬಂದಾಗ ಇಪ್ಪತ್ತೈದರ ತರುಣ. ತಮ್ಮ ಮತವನ್ನು ನಮಗೆ ಕೊಡಬೇಕೆಂಬುದೇ ಅವರು ಬಂದ ಉದ್ದೇಶ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಕೊಡಲು ನುಡಿ ಬೇಕು, ನುಡಿಗಾಗಿ ಜನರ ಬಳಿ ಕೂರಬೇಕು. ಹಾಗೆ ಕುಳಿತವರು ಕನ್ನಡಕ್ಕೆ ಸೋತರು. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಹೊರಡಿಸಿದರು. ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಕನ್ನಡದ ಹಳೆಯ ಕೃತಿಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಭೀಮಕವಿಯು 1369ರಲ್ಲಿ ರಚಿಸಿದ ಬಸವಪುರಾಣವೂ ಅವುಗಳಲ್ಲಿ ಒಂದು. ಮಠದ ಕಟ್ಟುಗಳಲ್ಲಿ ತಾಳೆಗರಿಯಾಗಿ ಉಳಿದಿದ್ದ ಬಸವಣ್ಣನವರ ಚರಿತ್ರೆ ಅಚ್ಚಿನ ಅಕ್ಷರ ಕಾಣುವಲ್ಲಿ ಹೀಗೆ ಒಬ್ಬ ಅನ್ಯಧರ್ಮೀಯನ ಕೈಯಿತ್ತು. ಅವರ ಬಳಿಕ 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ದಶಕಗಳ ಕಾಲ ಪದ ಪದವನ್ನೂ ಆಯ್ದು, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದರು. ಕೊಡಬೇಕೆಂದು ಅವರು ತಂದುದರ ಬಗೆಗೆ ನಮ್ಮ ಅಭಿಪ್ರಾಯ ಏನೇ ಇರಲಿ, ಈ ನೆಲದಿಂದ ಅವರು ಪಡೆದುದು ಮಾತ್ರ ಇಂದಿಗೂ ನಮ್ಮ ಕಪಾಟುಗಳಲ್ಲಿದೆ.

ಕಾರ್ಕಳದಿಂದ ಉಡುಪಿಗೆ ಹೋಗುವ ದಾರಿಯಲ್ಲಿ ಹಿರಿಯಡಕವಿದೆ. 2020ರಲ್ಲಿ ನೂರೊಂದನೆಯ ವಯಸ್ಸಿನಲ್ಲಿ ನಿಧನರಾದ ಮದ್ದಳೆಗಾರ ಹಿರಿಯಡಕ ಗೋಪಾಲ ರಾಯರ ಊರು ಅದು. ಅಮೆರಿಕದ ವಿದ್ಯಾರ್ಥಿನಿ ಮಾರ್ತಾ ಆಶ್ಟನ್ ಯಕ್ಷಗಾನವನ್ನು ಅಧ್ಯಯನ ಮಾಡಲು ಕರಾವಳಿಗೆ ಬಂದಾಗ ಅವರಿಗೆ ಈ ಗುರುಗಳು ದೊರೆತರು. ಹೊರಗೆ ಕುಳಿತು ಟಿಪ್ಪಣಿ ಬರೆದುಕೊಂಡು ಹೋಗಬಹುದಾಗಿದ್ದ ಆಕೆ ತಾನೇ ಹೆಜ್ಜೆ ಕಲಿತರು, ತಾಳ ಕಲಿತರು. ಗಂಡಸರೇ ಆಡುತ್ತಿದ್ದ ಆಟದಲ್ಲಿ ಗೆಜ್ಜೆ ಕಟ್ಟಿದರು. ಬ್ರೂಸ್ ಕ್ರಿಸ್ಟಿಯವರೊಡನೆ ಆಕೆ ಬರೆದ ಯಕ್ಷಗಾನದ ಗ್ರಂಥ 1977ರಲ್ಲಿ ಹೊರಬಂದಿತು. ಗುರುವೂ ಶಿಷ್ಯೆಯ ನಾಡಿಗೆ ಹೋಗಿ ಮದ್ದಳೆ ನುಡಿಸಿ ಬಂದರು. ಕಲಿಯಲು ಬಂದವರನ್ನು ನಮ್ಮ ಜನ ಹೊರಗಿನವರೆಂದು ದೂರವಿಡಲಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

1961ರಿಂದ 1976ರವರೆಗೆ ಅಮೆರಿಕದ ‘ಪೀಸ್ ಕೋರ್’ ಎಂಬ ಶಾಂತಿದಳದ ತರುಣರು ಭಾರತಕ್ಕೆ ಬರುತ್ತಿದ್ದರು. ಅಂದಿನ ಮೈಸೂರು ರಾಜ್ಯಕ್ಕೆ ಬಂದವರಿಗೆ ಕನ್ನಡವನ್ನು ಕಲಿಸಿಯೇ ಹಳ್ಳಿಗಳಿಗೆ ಕಳುಹಿಸಲಾಗುತ್ತಿತ್ತು. ಅವರ ಸೇವಾವಧಿ ಎರಡು ವರ್ಷ. ಅಷ್ಟು ಕಾಲ ಊರಿನಲ್ಲಿದ್ದವನು ಊರಿನ ಒಂದು ಮದುವೆಯನ್ನೂ ಒಂದು ಸಾವನ್ನೂ ಒಂದು ಬರವನ್ನೂ ಕಾಣುತ್ತಾನೆ. ಎರಡು ವಾರದಲ್ಲಿ ಬಂದುಹೋಗುವವನಿಗೆ ಆ ಭಾಗ್ಯವಿಲ್ಲ.

ರೋಗಿಯ ಹಾಸಿಗೆಯ ಪಕ್ಕದ ಕನ್ನಡ

ಕುಕ್ಕುಂದೂರಿನಿಂದ ಹಿರಿಯಡಕ, ಪರ್ಕಳಗಳ ಮೇಲೆ ಹೋದರೆ ಮಣಿಪಾಲ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಅಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದಾಗ ಅದು ಬರಿಯ ಬೋಳುಗುಡ್ಡ. 1997ರಲ್ಲಿ ಮೆಲಾಕಾ–ಮಣಿಪಾಲ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ, ಆ ಏರ್ಪಾಟು ನಡೆದಷ್ಟು ಕಾಲ, ಮಲೇಷಿಯಾದ ವಿದ್ಯಾರ್ಥಿಗಳು ತಮ್ಮ ಓದಿನ ಮೊದಲ ಅರ್ಧವನ್ನು ಮಣಿಪಾಲದಲ್ಲಿ ಕಳೆದು, ಉಳಿದರ್ಧಕ್ಕೆ ತಮ್ಮ ನಾಡಿಗೆ ಮರಳುತ್ತಿದ್ದರು. ಆ ದೇಶದ ಮಲಯರು, ಚೀನೀಯರು, ತಮಿಳರು ಮೂವರೂ ಒಂದೇ ತರಗತಿಯಲ್ಲಿ ಕುಳಿತು, ಉಡುಪಿಯ ಊಟಕ್ಕೆ ನಾಲಿಗೆಯನ್ನು ಒಗ್ಗಿಸಿಕೊಂಡರು.

ನಮ್ಮ ಸಮಾಜದ ಓದುಗರಿಗೆ ಇನ್ನೂ ಹತ್ತಿರದ ಉದಾಹರಣೆ ಬೆಳಗಾವಿಯದು. 1916ರಲ್ಲಿ ಏಳು ಜನ ಶಿಕ್ಷಕರು ತಮ್ಮ ಸಂಬಳದ ಹಂಗನ್ನು ತೊರೆದು ಕಟ್ಟಿದ ಕೆ.ಎಲ್.ಇ. ಸಂಸ್ಥೆಯನ್ನು ಅರಿಯದವರಾರು? ಆ ಸಪ್ತರ್ಷಿಗಳ ಸಂಸ್ಥೆಯು ಮಲೇಷಿಯಾದ ಸೈನ್ಸ್ ವಿಶ್ವವಿದ್ಯಾಲಯದೊಡನೆ ಕೂಡಿ 2010ರಲ್ಲಿ ಬೆಳಗಾವಿಯಲ್ಲಿ ವೈದ್ಯಕೀಯ ಶಿಕ್ಷಣವನ್ನು ಆರಂಭಿಸಿತು. ಹಳ್ಳಿಯ ಲಿಂಗಾಯತ ಹುಡುಗನಿಗೆ ಇಂಗ್ಲಿಷ್ ಅಕ್ಷರ ಕಲಿಸಬೇಕೆಂದು ಹುಟ್ಟಿದ ಸಂಸ್ಥೆಯ ಅಂಗಳಕ್ಕೆ ಒಂದು ಶತಮಾನ ತುಂಬುವ ಮುನ್ನವೇ ಸಾಗರದಾಚೆಯ ಮಕ್ಕಳು ವಿದ್ಯೆ ಬೇಡಿ ಬಂದರು.

ವೈದ್ಯ ವಿದ್ಯಾರ್ಥಿ ಪುಸ್ತಕವನ್ನು ಇಂಗ್ಲಿಷಿನಲ್ಲಿ ಓದಬಹುದು. ಆದರೆ ಗೋಕಾಕದ ಕಡೆಯ ಒಬ್ಬ ಮುದುಕಿ ಹಾಸಿಗೆಯಲ್ಲಿ ಮಲಗಿ ‘ಹೊಟ್ಟ್ಯಾಗ ಸಂಕ್ಟ ಆಗತೈತಿ’ ಎಂದರೆ, ಅದು ಉರಿಯೋ, ಕಡಿತವೋ, ಮನಸ್ಸಿನ ಕಳವಳವೋ ಎಂಬುದನ್ನು ಯಾವ ಪುಸ್ತಕ ಹೇಳೀತು? ಆಕೆಯ ಬಾಯಿಯಿಂದಲೇ ತಿಳಿಯಬೇಕು. ಅಲ್ಲಿ ವಿದ್ಯಾವಂತನು ಶಿಷ್ಯ. ನಿರಕ್ಷರಿಯಾದ ರೋಗಿಯೇ ಗುರು. ಅನ್ಯನಾಡಿನ ಸೇವೆಯ ಗುಟ್ಟೆಲ್ಲ ಈ ಒಂದು ಸನ್ನಿವೇಶದಲ್ಲಿ ಅಡಗಿದೆ ಎಂದು ನಮಗೆ ತೋರುತ್ತದೆ.

ಕುಕ್ಕುಂದೂರಿನಲ್ಲಿ ಕೇಳಿದ ಮಾತುಗಳು

ಕಳೆದ ಬೇಸಗೆಯಲ್ಲಿ ನಾವು ಕುಕ್ಕುಂದೂರಿನ ಭಕ್ತರೊಬ್ಬರ ಮನೆಯಲ್ಲಿ ಪೂಜೆಯ ನಿಮಿತ್ತ ಎರಡು ದಿನ ತಂಗಿದ್ದೆವು. ಸಂಜೆಯ ವೇಳೆ ಕಾಲೇಜಿನ ಐದಾರು ಮಕ್ಕಳು ಜಗಲಿಯಲ್ಲಿ ಕೂಡಿದರು. ಅವರಲ್ಲಿ ಇಬ್ಬರು ಹೊರದೇಶದಲ್ಲಿ ಸೇವೆ ಮಾಡಿ ಬಂದವರು. ಅವರ ಅನುಭವವನ್ನು ಹೆಸರು ಹೇಳದೆ ಇಲ್ಲಿ ದಾಖಲಿಸುತ್ತೇವೆ.

ಒಬ್ಬ ತರುಣ ನೇಪಾಳದ ಗುಡ್ಡಗಾಡಿನ ಶಾಲೆಯೊಂದರಲ್ಲಿ ಆರು ವಾರ ಇಂಗ್ಲಿಷ್ ಕಲಿಸಿದವನು. ಹೊರಡುವ ಮುನ್ನವೇ ಪಾಠದ ಯೋಜನೆಯನ್ನೆಲ್ಲ ತಾನೇ ಸಿದ್ಧಪಡಿಸಿಕೊಂಡಿದ್ದನಂತೆ. ಹಾಡು, ಆಟ, ನಾಟಕಗಳಿಂದ ಮಕ್ಕಳು ಸಂತೋಷಪಟ್ಟರು; ಊರವರು ಗೌರವಿಸಿದರು. ಹಿಂದಿರುಗುವ ಹಿಂದಿನ ದಿನ ಮಾತ್ರ ಅವನಿಗೊಂದು ಸಂಗತಿ ತಿಳಿಯಿತು: ಮುಂದಿನ ತಿಂಗಳು ಪರೀಕ್ಷೆ, ಅವನು ತೆಗೆದುಕೊಂಡ ಅವಧಿಗಳಲ್ಲಿ ಆಗಬೇಕಿದ್ದ ಪಾಠವನ್ನೆಲ್ಲ ಆ ಶಾಲೆಯ ಮೇಷ್ಟ್ರು ಸಂಜೆಯ ಹೊತ್ತು ಬೇರೆಯಾಗಿ ಮಾಡುತ್ತಿದ್ದರು. ಅತಿಥಿಯ ಮನಸ್ಸಿಗೆ ನೋವಾಗಬಾರದೆಂದು ಯಾರೂ ಹೇಳಿರಲಿಲ್ಲ. ‘ನಿಮಗೆ ಏನು ಬೇಕು ಎಂದು ನಾನು ಮೊದಲ ದಿನ ಕೇಳಲೇ ಇಲ್ಲ’ ಎಂದು ಆ ಹುಡುಗ ನಮ್ಮೆದುರು ನುಡಿದಾಗ ಅವನ ದನಿಯಲ್ಲಿ ಯಾವ ಪುಸ್ತಕವೂ ಕಲಿಸದ ಪ್ರೌಢಿಮೆ ಇತ್ತು. ತಾನು ಅಲ್ಲಿ ಮಾಡಿದ ನಿಜವಾದ ಕೆಲಸವೆಂದರೆ, ಮಳೆಗೆ ಕುಸಿದ ಶಾಲೆಯ ಪೌಳಿಗೆ ಊರವರೊಡನೆ ಕಲ್ಲು ಹೊತ್ತದ್ದು ಎಂದು ಅವನೇ ಹೇಳಿದನು. ಅದನ್ನು ಊರವರು ಕೇಳಿದ್ದರು, ಅವನು ಮಾಡಿದ್ದನು.

ಇನ್ನೊಬ್ಬಳು ಉತ್ತರ ಕರ್ನಾಟಕದ ನಮ್ಮ ಸಮಾಜದ ಮಗಳು. ಜರ್ಮನಿಯ ಒಂದು ವೃದ್ಧಾಶ್ರಮದಲ್ಲಿ ಒಂದು ವರ್ಷ ಸ್ವಯಂಸೇವಕಿಯಾಗಿದ್ದಳು. ಹಿರಿಯರಿಗೆ ಎಲ್ಲವನ್ನೂ ಕೈಗೆ ಒದಗಿಸುವುದೇ ಸೇವೆ ಎಂದು ನಮ್ಮ ಮನೆಗಳಲ್ಲಿ ಕಲಿತವಳು, ಅಲ್ಲಿ ತೊಂಬತ್ತರ ಮುದುಕಿಯೊಬ್ಬಳ ಲೋಟಕ್ಕೆ ಕಾಫಿ ಬಗ್ಗಿಸಲು ಹೋದಳು. ಮುದುಕಿ ಕೈ ತಡೆದು, ನಡುಗುವ ತನ್ನ ಕೈಯಿಂದಲೇ ಬಗ್ಗಿಸಿಕೊಂಡಳು. ಅರ್ಧ ಕಾಫಿ ಮೇಜಿನ ಮೇಲೆ ಚೆಲ್ಲಿತು. ಅದನ್ನು ಒರೆಸುವುದು ತನ್ನ ಕೆಲಸ, ಬಗ್ಗಿಸುವುದು ತನ್ನ ಕೆಲಸವಲ್ಲ ಎಂಬುದನ್ನು ತಿಳಿಯಲು ತನಗೆ ತಿಂಗಳುಗಳೇ ಬೇಕಾದುವು ಎಂದಳು. ವೃದ್ಧರ ಸ್ವಾಭಿಮಾನವನ್ನು ಕಾಯುವುದೂ ಸೇವೆಯೇ. ಆದರೆ ಮಕ್ಕಳಿದ್ದೂ ಭಾನುವಾರ ಭಾನುವಾರ ಕಿಟಕಿಯ ಬಳಿ ಕಾದು ಕೂರುತ್ತಿದ್ದ ಹಿರಿಯರನ್ನು ಕಂಡು, ತಮ್ಮ ಮನೆಯ ಪಡಸಾಲೆಯಲ್ಲಿ ಕೂತು ಎಲ್ಲರನ್ನೂ ಗದರುವ ಅಜ್ಜಿಯ ಬೆಲೆಯೂ ತನಗೆ ತಿಳಿಯಿತು ಎಂದಳು. ಎರಡು ನಾಡುಗಳ ಗುಣಗಳೂ ಕೊರತೆಗಳೂ ಆ ಮಗುವಿನ ಕಣ್ಣಿಗೆ ಒಟ್ಟಿಗೆ ಕಂಡಿದ್ದುವು.

ಆಕೆ ಹೇಳಿದ ಮತ್ತೊಂದು ಸಂಗತಿಯನ್ನು ತಂದೆತಾಯಿಗಳು ಗಮನವಿಟ್ಟು ಓದಬೇಕು. ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯನ್ನು ನೋಡಿ ಅದೇ ಮುದುಕಿ ಒಂದು ದಿನ, ಇದರೊಳಗೆ ಏನಿದೆ ಎಂದು ಕೇಳಿದಳಂತೆ. ನಮ್ಮ ದೇವರು ಎಂದಳು ಹುಡುಗಿ. ದೇವರನ್ನು ಗುಡಿಯಲ್ಲಿ ಇಡದೆ ಮೈಮೇಲೆ ಏಕೆ ಧರಿಸುತ್ತೀರಿ ಎಂಬುದು ಮುಂದಿನ ಪ್ರಶ್ನೆ. ಅದಕ್ಕೆ ಆಕೆಯಲ್ಲಿ ಉತ್ತರವಿರಲಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ದೀಕ್ಷೆಯಾಗಿತ್ತು, ದಿನವೂ ಪೂಜೆ ನಡೆದಿತ್ತು. ಏಕೆ ಎಂದು ಕೇಳಿದಾಗ ಮನೆಯಲ್ಲಿ ‘ಹಿರಿಯರು ಮಾಡಿಕೊಂಡು ಬಂದದ್ದು’ ಎಂಬ ಒಂದೇ ಮಾತು ದೊರೆತಿತ್ತು. ಆ ರಾತ್ರಿ ಆಕೆ ಊರಿಗೆ ದೂರವಾಣಿ ಮಾಡಿ ವಚನ ಸಂಪುಟವನ್ನು ತರಿಸಿಕೊಂಡಳು. ದೇಹವೇ ದೇಗುಲವೆಂದು ಬಾಳಿದವರ ಪರಂಪರೆ ತನ್ನದು. ಲಿಂಗ ಅಂಗದ ಮೇಲಿರುವುದು, ಜಾತಿ ಕುಲ ಲಿಂಗಭೇದವಿಲ್ಲದೆ ಎಲ್ಲರಿಗೂ ಪೂಜೆಯ ಅಧಿಕಾರ ಕೊಟ್ಟದ್ದರ ಗುರುತು ಎಂಬುದನ್ನು ಆಕೆ ಅರಿತದ್ದು ಪರನಾಡಿನ ಮಂಜಿನ ರಾತ್ರಿಗಳಲ್ಲಿ. ಮಗು ಆಚಾರವನ್ನು ಕಳೆದುಕೊಂಡೀತೇ ಎಂಬ ಭಯ ಸಹಜ. ಆದರೆ ಅರ್ಥ ತಿಳಿಯದ ಆಚಾರವು ಊರಿನಲ್ಲಿದ್ದರೂ ಉಳಿಯದು. ಅರ್ಥ ತಿಳಿದದ್ದು ಎಲ್ಲಿಗೆ ಹೋದರೂ ಅಳಿಯದು. ಅನ್ಯರ ಒಂದು ಪ್ರಶ್ನೆ ನಮ್ಮ ಮಗುವನ್ನು ನಮ್ಮ ಮನೆಗೇ ಮರಳಿ ತಂದಿತು.

ಕಲ್ಯಾಣಕ್ಕೆ ಬಂದ ಪರದೇಶಿಗಳು

ಹನ್ನೆರಡನೆಯ ಶತಮಾನದ ಕಲ್ಯಾಣವೇ ಪರನಾಡಿನವರು ಬಂದು ನೆಲಸಿದ ಊರು. ಶರಣ ಪರಂಪರೆಯ ಪ್ರಕಾರ ಕಾಶ್ಮೀರದ ಅರಸು ಮಹಾದೇವ ಭೂಪಾಲ ಮಡದಿಯೊಡನೆ ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆ ಮಾರುವ ಮೋಳಿಗೆಯ ಮಾರಯ್ಯನಾದನು. ಬಸವಣ್ಣನವರು ಅವನ ಬಡತನಕ್ಕೆ ಮರುಗಿ, ಜಂಗಮ ವೇಷದಲ್ಲಿ ಮನೆಗೆ ಹೋಗಿ ಅಂಬಲಿ ಸವಿದು, ಹೊನ್ನನ್ನು ಗುಟ್ಟಾಗಿ ಇಟ್ಟುಬಂದರು. ಮಾರಯ್ಯ ಅದನ್ನು ಮುಟ್ಟಲಿಲ್ಲ. ಕಾಯಕದಿಂದ ಬಾರದ ಹೊನ್ನು ತನಗೆ ಬೇಡವೆಂದು ಜಂಗಮರಿಗೆ ಒಪ್ಪಿಸಿದನು. ಕೊಡಹೋದ ಮಹಾದಾನಿ ಬಸವಣ್ಣನವರೇ ಅಂದು ಒಂದು ಪಾಠ ಪಡೆದರು: ಪಡೆಯುವವನ ಅಗತ್ಯವನ್ನು ಕೇಳದೆ ಕೊಟ್ಟ ಕೊಡುಗೆ, ಎಷ್ಟೇ ಪ್ರೀತಿಯದಾದರೂ, ಅವನ ಕಾಯಕಕ್ಕೆ ಅವಮಾನವಾಗಬಹುದು. ಅಫಘಾನಿಸ್ತಾನದ ಕಡೆಯಿಂದ ಬಂದವನೆಂದು ಹೇಳಲಾಗುವ ಮರುಳಶಂಕರದೇವ ಮಹಾಮನೆಯ ಪ್ರಸಾದದ ಕುಂಡದ ಬಳಿ ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದೆ ಸೇವೆ ಮಾಡಿದನೆಂದೂ, ಅಲ್ಲಮಪ್ರಭುಗಳೇ ಆತನನ್ನು ಗುರುತಿಸಿದರೆಂದೂ ಶೂನ್ಯಸಂಪಾದನೆ ಹೇಳುತ್ತದೆ. ಹೆಸರಿನ ಹಂಬಲವಿಲ್ಲದ ಪರದೇಶಿ ಸೇವಕನಿಗೆ ಇದಕ್ಕಿಂತ ದೊಡ್ಡ ಮಾದರಿ ಬೇಕಿಲ್ಲ.

ದಾಸೋಹವೆಂದರೆ ‘ನಾನು ದಾಸ’ ಎಂಬ ಭಾವ. ದಾನದಲ್ಲಿ ಕೊಡುವವನ ಕೈ ಮೇಲೆ. ದಾಸೋಹದಲ್ಲಿ ಕೊಡುವವನ ತಲೆ ಕೆಳಗೆ. ಮಠದ ಪಾಠಶಾಲೆಯಲ್ಲಿ ಬೆಳೆದ ನಮಗೆ ಇದು ಮೊದಲು ಪಂಕ್ತಿಯಲ್ಲಿಯೇ ತಿಳಿದ ಸಂಗತಿ. ಬಡಿಸುವ ಹುಡುಗ ಪಂಕ್ತಿಯಲ್ಲಿ ಕುಳಿತವನ ಎಲೆ ನೋಡಬೇಕು, ತನ್ನ ಕೈಯ ಸೌಟು ನೋಡಬಾರದು. ಬೇಡವೆಂದವನ ಎಲೆಗೆ ಸುರಿದರೆ ಅನ್ನ ಹಾಳು. ಕೇಳಿದವನನ್ನು ದಾಟಿ ಹೋದರೆ ಹಸಿವು ಉಳಿಯಿತು. ತುಮಕೂರಿನ ಸಿದ್ಧಗಂಗೆಯಲ್ಲಿ, 2019ರಲ್ಲಿ ಲಿಂಗೈಕ್ಯರಾದ ಡಾ. ಶಿವಕುಮಾರ ಮಹಾಸ್ವಾಮಿಗಳು ಜಾತಿಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ಕೊಟ್ಟರು. ಅವರು ಮಕ್ಕಳನ್ನು ‘ನಾವು ಸಾಕುತ್ತಿದ್ದೇವೆ’ ಎಂಬ ದೃಷ್ಟಿಯಿಂದ ನೋಡಿದ್ದರೆ ಅದು ಛತ್ರವ್ಯವಸ್ಥೆಯಾಗುತ್ತಿತ್ತು, ದಾಸೋಹವಾಗುತ್ತಿರಲಿಲ್ಲ.

ಸೇವೆ ವ್ಯಾಪಾರವಾದಾಗ

ಈ ದೃಷ್ಟಿಯಿಂದ ನೋಡಿದರೆ, ಇಂದಿನ ಪರದೇಶ ಸೇವೆಯಲ್ಲಿ ಒಳ್ಳೆಯದರ ಜೊತೆಗೆ ಅಪಾಯವೂ ಇದೆ. ಕುಂದಾಪುರದಲ್ಲಿ ನೆಲೆಯಿದ್ದ ಎಫ್.ಎಸ್.ಎಲ್. ಇಂಡಿಯಾ ಎಂಬ ಸಂಸ್ಥೆಯ ಮೂಲಕ ಯುರೋಪಿನ ತರುಣರು ಬಂದು ಸರಕಾರಿ ಶಾಲೆಗಳ ಕೆಲಸದಲ್ಲಿಯೂ ಕಡಲಾಮೆಗಳ ಸಂರಕ್ಷಣೆಯಲ್ಲಿಯೂ ಕೈಜೋಡಿಸಿದ್ದುಂಟು. ಆಲಿವ್ ರಿಡ್ಲೆ ಜಾತಿಯ ಆಮೆ ರಾತ್ರಿಯ ಹೊತ್ತು ದಡಕ್ಕೆ ಬಂದು, ಮರಳು ತೋಡಿ, ಒಂದು ಗೂಡಿನಲ್ಲಿ ನೂರರಷ್ಟು ಮೊಟ್ಟೆ ಇಡುತ್ತದೆ. ಮರಿ ಹೊರಬರಲು ಒಂದೂವರೆ ಎರಡು ತಿಂಗಳು ಬೇಕು. ನಾಲ್ಕು ವಾರಕ್ಕೆ ಬಂದ ಪರದೇಶಿ ತರುಣ ಗೂಡನ್ನು ಕಂಡರೆ ಮರಿಯನ್ನು ಕಾಣುವುದಿಲ್ಲ. ಮರಿಯನ್ನು ಕಂಡರೆ ಗೂಡನ್ನು ಕಂಡಿರುವುದಿಲ್ಲ. ಎರಡನ್ನೂ ಕಾಣುವವರು ದಡದ ಮೀನುಗಾರರು. ಹೊರಗಿನವನ ಉತ್ಸಾಹ ಅವರ ತಿಳಿವಳಿಕೆಯ ಬೆನ್ನಿಗೆ ನಿಂತಾಗ ಆಮೆ ಉಳಿಯುತ್ತದೆ.

ಮಕ್ಕಳ ವಿಷಯದಲ್ಲಂತೂ ಇದು ಇನ್ನೂ ಸೂಕ್ಷ್ಮ. ಕಾಂಬೋಡಿಯಾ, ನೇಪಾಳಗಳಲ್ಲಿ ಅನಾಥಾಲಯಗಳೆನಿಸಿಕೊಂಡ ಹಲವು ಸಂಸ್ಥೆಗಳಲ್ಲಿದ್ದ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದರು ಎಂಬುದು ಬೆಳಕಿಗೆ ಬಂದಿದೆ. ಹಣ ತೆತ್ತು ಸೇವೆ ಮಾಡಲು ಬರುವ ಪರದೇಶಿಗಳಿಗಾಗಿ ಬಡವರ ಮಕ್ಕಳನ್ನು ಮನೆಯಿಂದ ತಂದು ತುಂಬುವ ದಂಧೆ ಹುಟ್ಟಿಕೊಂಡಿತ್ತು. ವಾರಕ್ಕೊಬ್ಬರಂತೆ ಬಂದು ಮುದ್ದಿಸಿ ಹೋಗುವ ಅಪರಿಚಿತರಿಂದ ಆ ಕೂಸುಗಳ ಮನಸ್ಸಿಗೆ ಆಗುವ ಗಾಯ ಎಷ್ಟು! 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಮಕ್ಕಳ ಹಕ್ಕುಗಳ ನಿರ್ಣಯದಲ್ಲಿ, ಅನಾಥಾಲಯಗಳಲ್ಲಿನ ಇಂಥ ಪ್ರವಾಸ ಮತ್ತು ಸ್ವಯಂಸೇವೆಗಳಿಂದಾಗುವ ಹಾನಿಯನ್ನು ತಡೆಯಬೇಕೆಂದು ರಾಷ್ಟ್ರಗಳನ್ನು ಕೇಳಿಕೊಂಡಿತು. ಆದ್ದರಿಂದ ಮಗ ಅಥವಾ ಮಗಳು ಸೇವೆಗೆ ಹೊರಡುತ್ತೇನೆಂದಾಗ ತಂದೆತಾಯಿಗಳು ವಿಚಾರಿಸಬೇಕಾದುದು ವಿಮಾನದ ದರವನ್ನಷ್ಟೇ ಅಲ್ಲ. ಕರೆದವರು ಯಾರು? ಈ ಕೆಲಸವನ್ನು ಅಲ್ಲಿಯ ಜನ ಕೇಳಿದ್ದಾರೆಯೇ? ಇವನು ಮರಳಿದ ಮೇಲೆ ಅದನ್ನು ಮುಂದುವರಿಸುವವರು ಯಾರು? ಈ ಮೂರಕ್ಕೆ ಉತ್ತರವಿಲ್ಲದಿದ್ದರೆ ಹೋಗದಿರುವುದೇ ಸೇವೆ.

ಬುತ್ತಿಯಲ್ಲಿ ಏನು ಕಟ್ಟಬೇಕು?

ಹೊರಗೆ ಹೋಗಿ ಕಲಿಯುವುದನ್ನು ನಮ್ಮ ಸಮಾಜ ಎಂದೂ ಅಲ್ಲಗಳೆದಿಲ್ಲ. ಸಿರಸಂಗಿ ಲಿಂಗರಾಜರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಸಂಪತ್ತನ್ನೆಲ್ಲ ಸಮಾಜದ ಮಕ್ಕಳ ವಿದ್ಯೆಗಾಗಿ ಬರೆದಿಟ್ಟರು. 1920ರ ದಶಕದಲ್ಲಿ ಕೇಂಬ್ರಿಜ್ಜಿಗೆ ಹೋಗಿ ಗಣಿತದಲ್ಲಿ ರ‍್ಯಾಂಗ್ಲರ್ ಎನಿಸಿದ ಡಿ.ಸಿ. ಪಾವಟೆಯವರು ಮರಳಿ ಬಂದು ಕರ್ನಾಟಕ ವಿಶ್ವವಿದ್ಯಾಲಯವನ್ನು ಕಟ್ಟಿ ಬೆಳೆಸಿದರು. ಲಂಡನ್ನಿನಲ್ಲಿ ಸಂಶೋಧನೆ ಮಾಡಿದ ಡಾ. ಶಿ.ಚೆ. ನಂದೀಮಠರು 1942ರಲ್ಲಿ ವೀರಶೈವ ಧರ್ಮವನ್ನು ಜಗತ್ತಿಗೆ ಪರಿಚಯಿಸುವ ಇಂಗ್ಲಿಷ್ ಕೈಪಿಡಿಯನ್ನು ಕೊಟ್ಟರು. 2015ರ ನವೆಂಬರ್ 14ರಂದು ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ ಬಸವಣ್ಣನವರ ಪುತ್ಥಳಿ ಅನಾವರಣಗೊಂಡಿತು. ಪುತ್ಥಳಿ ನೋಡಿ ‘ಇವರಾರು?’ ಎಂದು ಕೇಳುವವರಿಗೆ ಹೇಳಲು ನಮ್ಮ ಮಕ್ಕಳಿಗೆ ಮಾತು ಬೇಕಲ್ಲವೆ?

ಆ ಮಾತನ್ನು ಕೊಡುವುದು ಮನೆ. ಹೊರಡುವ ಮಗುವಿನ ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಕಟಕ್ ರೊಟ್ಟಿ ಕಟ್ಟುವ ತಾಯಂದಿರು ಅವುಗಳ ಜೊತೆಗೆ ಇನ್ನೂ ಕೆಲವನ್ನು ಕಟ್ಟಿಕೊಡಬೇಕು. ಇಷ್ಟಲಿಂಗವನ್ನು ಏಕೆ ಧರಿಸುತ್ತೇವೆ, ಕಾಯಕವೆಂದರೇನು, ದಾಸೋಹವೆಂದರೇನು ಎಂಬುದನ್ನು ನಾಲ್ಕು ಸರಳ ಮಾತುಗಳಲ್ಲಿ ಹೇಳಲು ಮಗುವಿಗೆ ಬರಬೇಕು. ಮಗ ಇರಲಿ ಮಗಳಿರಲಿ, ತನ್ನ ತಟ್ಟೆ ತೊಳೆಯಲು, ಬಟ್ಟೆ ಒಗೆಯಲು, ಹಾಸಿಗೆ ಹಿಡಿದ ಅಜ್ಜನಿಗೆ ಗಂಜಿ ಕುಡಿಸಲು ಬರಬೇಕು; ಮನೆಯಲ್ಲಿ ಕಡ್ಡಿ ಮುರಿದು ಆಚೆ ಇಡದವನು ಪರದೇಶದಲ್ಲಿ ಯಾರಿಗೆ ಸೇವೆ ಮಾಡಿಯಾನು? ಹೋಗುವ ನಾಡಿನ ನುಡಿಯಲ್ಲಿ ಕನಿಷ್ಠ ನೂರು ಪದಗಳು ನಾಲಿಗೆಯ ಮೇಲಿರಬೇಕು. ಮೊದಲ ವಾರ ಕೇಳುತ್ತ ಇರಬೇಕು, ಹೇಳಲು ಅವಸರಪಡಬಾರದು ಎಂಬ ಬುದ್ಧಿವಾದವೂ ಆ ಬುತ್ತಿಯಲ್ಲಿರಲಿ.

ಮನೆಯಲ್ಲಿ ಇಷ್ಟು ಕೆಲಸವಿರುವಾಗ ಪರದೇಶದ ಸೇವೆ ಏಕೆ ಎಂಬ ಎರಡನೆಯ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ದೊರೆಯುತ್ತದೆ. ಒಂದು ವರ್ಷ ಅನ್ಯರ ಅಜ್ಜಿಯ ಮೇಜು ಒರೆಸಿದವಳು ಮರಳಿ ಬಂದು ತನ್ನ ಅಜ್ಜಿಯ ಪಕ್ಕ ಹೆಚ್ಚು ಹೊತ್ತು ಕೂರುತ್ತಾಳೆ. ನೇಪಾಳದ ಮೇಷ್ಟ್ರ ಮೌನವನ್ನು ಅರಿತವನು ನಾಳೆ ತನ್ನ ಜಿಲ್ಲೆಯ ಹಳ್ಳಿಗೆ ಅಧಿಕಾರಿಯಾಗಿ ಹೋದಾಗ ಮೊದಲ ದಿನ ‘ನಿಮಗೆ ಏನು ಬೇಕು?’ ಎಂದು ಕೇಳುತ್ತಾನೆ. ಪರನಾಡಿನ ಸೇವೆಯ ಫಲವನ್ನು ನಾವು ಎಣಿಸಬೇಕಾದುದು ಮಗು ಮರಳಿ ಬಂದ ಮೇಲೆ, ನಮ್ಮ ಅಂಗಳದಲ್ಲಿ.

ಹೋಗುವವರ ಮನೆಗೆ ನಮ್ಮ ಒಂದು ಬಿನ್ನಹ ಉಳಿದಿದೆ. ಬರುವವರನ್ನೂ ಮರೆಯಬೇಡಿ. ನಿಮ್ಮ ಊರಿನ ಕಾಲೇಜಿಗೆ, ಆಸ್ಪತ್ರೆಗೆ, ಶಾಲೆಗೆ ಪರದೇಶದ ಒಂದು ಮಗು ಬಂದಿದ್ದರೆ ಬಸವ ಜಯಂತಿಗೋ ಶಿವರಾತ್ರಿಯ ಮರುದಿನದ ಪ್ರಸಾದಕ್ಕೋ ಮನೆಗೆ ಕರೆಯಿರಿ. ನೆಲದ ಮೇಲೆ ಎಲೆ ಹಾಕಿ, ನಿಮ್ಮ ಮಕ್ಕಳ ಸಾಲಿನಲ್ಲಿಯೇ ಕೂರಿಸಿ. ರೊಟ್ಟಿ ಮುರಿಯುವ ಬಗೆಯನ್ನು ಅದಕ್ಕೆ ನಿಮ್ಮ ಮಗು ಕಲಿಸಲಿ. ಅದರ ತಾಯಿ ಮಾಡುವ ಅಡುಗೆಯ ಹೆಸರನ್ನು ನಿಮ್ಮ ಮಗು ಕೇಳಲಿ. ಹಾಗೆ ಒಂದು ಪಂಕ್ತಿಯಲ್ಲಿ ಉಂಡು ಬೆಳೆದ ಮಗು ಎಲ್ಲಿಗೆ ಹೋದರೂ ಶರಣರ ಮನೆಯ ಮಗುವಾಗಿಯೇ ಇರುತ್ತದೆ.